ಏನಂತೆ ಅವನದು?

ಜೂನ್ ೮

ಅಕ್ಕ,

ಗಾಜಿನ ಅಂಗಡಿಯಲ್ಲಿ ಕೆಲಸ ಸಿಕ್ಕಿತು, ಅದಕ್ಕೇ ಈ ಊರಿಗೆ ಬಂದೆ ಅಂತ ನಿನಗೂ ಅಪ್ಪನಿಗೂ ಹೇಳಿದ್ದೆ. ಕೆಲಸ ಸಿಕ್ಕಿದ್ದು ನಿಜ. ಬಂದದ್ದು ಅದಕ್ಕಲ್ಲ. ಇಲ್ಲಿನ ದೊಡ್ಡಾಸ್ಪತ್ರೆಯ ಹಿಂದೆ, ಬಟ್ಟೆ ಒಗೆಯುವ ಕಟ್ಟಡದ ಪಕ್ಕ, ಮಾತು ತಿದ್ದುವ ಒಂದು ವಿಭಾಗವಿದೆ. ಚಳಿಗಾಲದಿಂದ ಅಲ್ಲಿಗೆ ಹೋಗುತ್ತಿದ್ದೇನೆ. ಮುಚ್ಚಿಟ್ಟದ್ದು ಯಾಕೆ ಅಂದರೆ, ಸರಿಹೋಗದಿದ್ದರೆ ಯಾರಿಗೂ ಗೊತ್ತಾಗುವುದು ಬೇಡ ಅಂತ. ಬೇರೆ ದೊಡ್ಡ ಕಾರಣ ಏನೂ ಇಲ್ಲ.

ಫೋನ್ ಮಾಡಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನನ್ನ ಮುಖ ಕಾಣದೆ ನಿನಗೂ ಅರ್ಧ ತಿಳಿಯುವುದಿಲ್ಲ. ತಿಳಿಯದಾಗ ನೀನು ‘ಹೂಂ, ಹೂಂ’ ಅನ್ನುತ್ತೀಯ. ಆ ಹೂಂ ಎಂಥದು ಅಂತ ನನಗೆ ಚೆನ್ನಾಗಿ ಗೊತ್ತು. ಕಾಗದದಲ್ಲಿ ನನ್ನ ಅಕ್ಷರಗಳೆಲ್ಲ ನೆಟ್ಟಗಿರುತ್ತವೆ.

ಮೊದಲ ದಿನ, ಅಲ್ಲಿ ಮಾತು ಕಲಿಸುವ ಮೇಡಂ ಒಂದು ಸ್ಟ್ರಾ ತಂದರು. ಹಲ್ಲು ಕಚ್ಚಿ ‘ಸ್ಸ್’ ಅನ್ನುತ್ತಿರು ಅಂದರು. ಸ್ಟ್ರಾದ ತುದಿಯನ್ನು ನನ್ನ ಹಲ್ಲಿನ ಸಾಲಿನ ಮುಂದೆ ನಿಧಾನಕ್ಕೆ ಸರಿಸುತ್ತ ಹೋದರು. ಎಲ್ಲರಿಗೂ ಮುಂದಿನ ಹಲ್ಲುಗಳ ನಡುವಿನಿಂದ ಗಾಳಿ ಹೊರಟು ಸ್ಟ್ರಾ ಅಲ್ಲಿ ಸುಯ್ಯೆನ್ನುತ್ತದಂತೆ. ನನ್ನದು ಅಲ್ಲಿ ತೆಪ್ಪಗಿತ್ತು. ಬಲಗಡೆ ದವಡೆಯ ಹತ್ತಿರ ಬಂದಾಗ ಸದ್ದು ಮಾಡಿತು. ‘ನೋಡಪ್ಪಾ, ಇಲ್ಲಿ ಸೋರ್ತಾ ಇದೆ’ ಅಂದರು, ನಲ್ಲಿ ರಿಪೇರಿಗೆ ಬಂದವರ ಹಾಗೆ. ಸ, ಶ, ಚ, ಜ, ನಾಲ್ಕೂ ಅದೇ ಸಂದಿಯಿಂದ ಸೋರಿಹೋಗುತ್ತಿವೆ. ಇಷ್ಟು ವರ್ಷ ಜನ ನನ್ನನ್ನು ಮಂಕು ಅಂದುಕೊಂಡದ್ದು ಕೆನ್ನೆಯ ಪಕ್ಕದ ಒಂದು ಸೋರಿಕೆಯಿಂದ. ತಿಳಿದಾಗ ಅಳು ಬರಬಹುದು ಅಂದುಕೊಂಡೆ. ಬರಲಿಲ್ಲ. ಸ್ಟ್ರಾ ಎಸೆಯಬೇಕೋ ಇಟ್ಟುಕೊಳ್ಳಬೇಕೋ ಅಂತ ಕೇಳಿದೆ.

ಈಗ ಯಾಕೆ ಹೇಳುತ್ತಿದ್ದೇನೆ ಅಂದರೆ, ಡಿಸೆಂಬರಿನಲ್ಲಿ ನೀನು ಸಮುದ್ರದಾಚೆಯ ಆ ಹಲ್ಲಿನ ಲ್ಯಾಬಿಗೆ ಕೆಲಸಕ್ಕೆ ಹೋಗುವುದು ಗಟ್ಟಿಯಾಯಿತು ಅಂತ ಬರೆದಿದ್ದೀಯ. ಒಳ್ಳೆಯದಾಯಿತು, ಹೋಗು. ಆದರೆ ನೀನು ಹೋದ ಮೇಲೆ ಆ ಮನೆಯಲ್ಲಿ ಉಳಿಯುವುದು ಅಪ್ಪ, ನಾನು. ಅಮ್ಮ ಹೋದಾಗಿನಿಂದ ನಾನು ಬಾಯಿ ಬಿಟ್ಟಾಗಲೆಲ್ಲ ಅಪ್ಪ ನಿನ್ನ ಕಡೆ ತಿರುಗಿ ‘ಏನಂತೆ ಅವನದು?’ ಅನ್ನುತ್ತಾನೆ. ನಾನು ಪಕ್ಕದಲ್ಲೇ ನಿಂತಿರುತ್ತೇನೆ. ನೀನಿಲ್ಲದ ಮೇಲೆ ಯಾರ ಕಡೆ ತಿರುಗುತ್ತಾನೆ?

ಇನ್ನೊಂದು. ನಾನು ಶಾಲೆ ಬಿಟ್ಟ ದಿನ ನಿನಗೆ ಹೇಳಿದ್ದು ಉದ್ದವಿತ್ತು. ಮೇಷ್ಟ್ರು ಶನಿವಾರ ಪಾಠ ಬೇಗ ಮುಗಿದರೆ ತಮಾಷೆಗೆ ನನ್ನನ್ನೇ ಎಬ್ಬಿಸಿ ಓದಿಸುತ್ತಾರೆ, ಓದುವಷ್ಟು ಹೊತ್ತು ಇಡೀ ತರಗತಿ ಬುಸ್ ಬುಸ್ ಅನ್ನುತ್ತದೆ, ನನಗೆ ಓದಲು ಇಷ್ಟವಿದೆ, ಬೇರೆ ಶಾಲೆಗೆ ಹಾಕಿ ಅಂದಿದ್ದೆ. ಅಪ್ಪ ಬಾಗಿಲಲ್ಲಿ ಬೂಟು ಬಿಚ್ಚುತ್ತಿದ್ದ. ‘ಏನಂತೆ?’ ಅಂದ. ನೀನು ‘ಓದು ಬೇಡವಂತೆ’ ಅಂದೆ. ಅಪ್ಪ ‘ಹಾಗಾದ್ರೆ ಬಿಡ್ಲಿ’ ಅಂದ. ನಾನೂ ಸುಮ್ಮನಾದೆ. ಆ ಉದ್ದದ್ದನ್ನು ನಾನೇ ಒಂದು ಸಲ ಅಪ್ಪನಿಗೆ ಹೇಳಬೇಕು, ನೀನು ಹೊರಡುವ ಮುಂಚೆ. ಅದರಿಂದ ಏನೂ ಬದಲಾಗುವುದಿಲ್ಲ, ಗೊತ್ತು. ಹೇಳಬೇಕು ಅಷ್ಟೇ.

ಅಪ್ಪನಿಗೆ ಈಗಲೇ ಹೇಳಬೇಡ.

ನಿನ್ನ ತಮ್ಮ


ಜೂನ್ ೧೯

ಲೋ ಕೋತಿ,

ಊರಿನವರಿಗೆಲ್ಲ ಹಲ್ಲಿನ ಸೆಟ್ಟು ಕಟ್ಟಿಕೊಡುವವಳು ನಾನು. ನನ್ನ ಸ್ವಂತ ತಮ್ಮ ಹಲ್ಲಿನ ಹಿಂದೆ ಏನೋ ಹುಡುಕಿಕೊಂಡು ಊರೂರು ತಿರುಗುತ್ತಾನೆ, ನನಗೇ ಸುದ್ದಿಯಿಲ್ಲ. ಚೆನ್ನಾಗಿದೆ. ನಿನ್ನ ಕಾಗದ ಓದಿ ಮುಗಿಸಿ ಮೇಣ ಕಾಯಿಸಲು ಕೂತೆ. ಅರ್ಧ ಸುಟ್ಟುಹೋದ ಮೇಲೆ ವಾಸನೆ ಬಂದು ಎಚ್ಚರಾಯಿತು. ಲ್ಯಾಬಿನ ಯಜಮಾನರು ‘ಏನಮ್ಮಾ, ಪರದೇಶದ ಕನಸಾ?’ ಅಂದರು. ಹೌದು ಅಂದೆ.

ಕೋಪ ಬಂದಿದೆ, ಇಲ್ಲ ಅನ್ನುವುದಿಲ್ಲ. ಇಷ್ಟು ವರ್ಷ ನಿನ್ನ ನಾಲಿಗೆಯಾಗಿ ದುಡಿದವಳಿಗೆ ಒಂದು ಮಾತು ಹೇಳದೆ ಬೇರೆ ನಾಲಿಗೆ ಮಾಡಿಸಿಕೊಳ್ಳಲು ಹೋಗಿದ್ದೀಯ. ಕೆಲಸದಿಂದ ತೆಗೆದುಹಾಕುವವರು ಒಂದು ಮಾತು ಮುಂಚೆ ಹೇಳುತ್ತಾರಪ್ಪ.

‘ಓದು ಬೇಡವಂತೆ’ ಅಂದದ್ದು ನೆನಪಿದೆ. ನಿನ್ನ ಮಾತನ್ನೆಲ್ಲ ಹೇಳಿದ್ದರೆ ಅಪ್ಪ ಬಿಚ್ಚಿದ ಬೂಟನ್ನೇ ಮತ್ತೆ ಹಾಕಿಕೊಂಡು ಮೇಷ್ಟ್ರ ಮನೆಗೆ ಹೋಗುತ್ತಿದ್ದ. ಅಲ್ಲಿ ನಾಲ್ಕು ಜನರ ಮುಂದೆ ನಿನ್ನನ್ನು ನಿಲ್ಲಿಸಿ ‘ಹೇಳು ನೋಡೋಣ’ ಅನ್ನುತ್ತಿದ್ದರು. ಅದು ಬೇಡ ಅಂತ ಚಿಕ್ಕದು ಮಾಡಿದೆ. ಅಥವಾ ಅವತ್ತು ನನಗೂ ಸಾಕಾಗಿತ್ತೇನೋ. ಈಗ ಯೋಚಿಸಿದರೆ ಯಾವುದು ನಿಜ ಅಂತ ಗೊತ್ತಾಗುತ್ತಿಲ್ಲ. ನಿನಗೆ ಸುಳ್ಳು ಹಿಡಿಸುವುದಿಲ್ಲವಲ್ಲ, ಅದಕ್ಕೆ ಎರಡನ್ನೂ ಬರೆದಿದ್ದೇನೆ, ಬೇಕಾದ್ದು ಆರಿಸಿಕೋ.

ಅಪ್ಪನಿಗೆ ಹೇಳಿಲ್ಲ. ಹೇಳಿದರೂ ಕೇಳಿಸಿಕೊಳ್ಳುವ ಲಹರಿಯಲ್ಲಿಲ್ಲ. ರೇಡಿಯೋ ಹಾಕಿದರೆ ಬೀದಿಗೆಲ್ಲ ಸುದ್ದಿ ಗೊತ್ತಾಗಬೇಕು. ಎದುರು ಮನೆಯವಳು ‘ನಿಮ್ಮಪ್ಪನಿಂದ ನಮಗೆ ರೇಡಿಯೋ ಖರ್ಚು ಉಳಿಯಿತು’ ಅಂತ ನಿನ್ನೆ ಚುಚ್ಚಿದಳು.

ಮುಂದೆ ಏನಾಯಿತು ಬರೆ. ಸ್ಟ್ರಾ ಏನು ಮಾಡಿದೆ?

ನಿನ್ನ ಅಕ್ಕ (ಇನ್ನೂ ಕೆಲಸ ಬಿಡದವಳು)


ಆಗಸ್ಟ್ ೪

ಅಕ್ಕ,

ಸ್ಟ್ರಾ ಎಸೆಯಬೇಡ ಅಂದರು. ಬಾಯಲ್ಲಿ ಮುರಿದು ಮೂರನೆಯದಕ್ಕೆ ಬಂದಿದ್ದೇನೆ.

ಮೇಡಂ ಕೆಲಸ ಮಾಡುವ ರೀತಿ ನಿನಗೆ ಹಿಡಿಸುತ್ತದೆ. ಬರದೇ ಇರುವುದನ್ನು ಹೇಳು ಅನ್ನುವುದಿಲ್ಲ. ಬರುವುದರಿಂದ ಬರದೇ ಇರುವುದಕ್ಕೆ ದಾರಿ ಹಾಕುತ್ತಾರೆ. ‘ನಿನಗೆ ತ ಬರುತ್ತೆ. ಈ ಬರುತ್ತೆ. ಇವೆರಡೇ ಸಾಕು ನನಗೆ’ ಅಂದರು. ‘ಈ’ ಅನ್ನುವಾಗ ನಾಲಿಗೆಯ ಎರಡು ಅಂಚೂ ಮೇಲಿನ ದವಡೆಹಲ್ಲಿಗೆ ತಾಗಿ ನಿಲ್ಲುತ್ತವೆ, ನೀನೂ ಮಾಡಿ ನೋಡು. ಆ ಅಂಚುಗಳೇ ಗೋಡೆ. ಗೋಡೆ ಬಿಡದ ಹಾಗೆ ತುದಿಯಿಂದ ತ್ ತ್ ತ್ ತ್ ಅಂತ ಬೇಗ ಬೇಗ ಹೊಡೆಯಬೇಕು. ಆಮೇಲೆ ಕೊನೆಯ ತ್ ಅನ್ನು ಬಿಡದೆ ಎಳೆಯಬೇಕು. ಎಳೆದರೆ ಬಾಲದಲ್ಲಿ ಸ್ಸ್ ಹುಟ್ಟುತ್ತದೆ. ಮೇ ತಿಂಗಳ ಒಂದು ಮಧ್ಯಾಹ್ನ ಹುಟ್ಟಿತು. ನಾನಲ್ಲ ಅಂದುಕೊಂಡೆ, ಹೊರಗೆ ಯಾರೋ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಾರೆ ಅಂದುಕೊಂಡೆ. ಮೇಡಂ ಪೆನ್ನು ಕೆಳಗಿಟ್ಟು ‘ಮತ್ತೆ’ ಅಂದರು.

ಆಮೇಲೆ ಸಾ ಸೀ ಸೂ. ಆಮೇಲೆ ಪದ. ಆಮೇಲೆ ವಾಕ್ಯ. ಒಂದು ಮೆಟ್ಟಿಲಲ್ಲಿ ಕಾಲು ಗಟ್ಟಿಯಾಗುವವರೆಗೆ ಮುಂದಿನದಕ್ಕೆ ಬಿಡುವುದಿಲ್ಲ. ಬಾಯಿಗೆ ಕೈ ಅಡ್ಡ ಹಿಡಿದರೆ ಮೇಜಿನ ಮೇಲೆ ಪೆನ್ನಿನಿಂದ ಟಕ್ ಅನ್ನಿಸುತ್ತಾರೆ. ನಾನು ಮಾತಾಡುವಾಗ ಕೈ ಅಡ್ಡ ಹಿಡಿಯುತ್ತೇನೆ ಅನ್ನುವುದೇ ನನಗೆ ಗೊತ್ತಿರಲಿಲ್ಲ. ತಲೆಯನ್ನೂ ತಗ್ಗಿಸುತ್ತೇನಂತೆ. ‘ನೆಲಕ್ಕೆ ಯಾಕೆ ಹೇಳ್ತೀಯಾ, ಅದಕ್ಕೆ ಕಿವಿ ಇಲ್ಲ’ ಅಂದರು.

ಬುಧವಾರ ಗುಂಪಿನ ಪಾಠ. ಗುಂಪು ಅಂದರೆ ನಾನು, ಮತ್ತೆ ಒಂದು ಪುಟ್ಟ ಹುಡುಗಿ. ಅವಳ ಹಾಲುಹಲ್ಲು ಬಿದ್ದು ಮುಂದೆ ಕಿಟಕಿಯಾಗಿದೆ, ಆದರೂ ನನಗಿಂತ ಚೆನ್ನಾಗಿ ಸ ಅನ್ನುತ್ತಾಳೆ. ನನ್ನದು ಸೋರಿದ ಕೂಡಲೇ ಕೈ ತಟ್ಟಿ ‘ಅಣ್ಣಾ ಔಟ್!’ ಅಂತ ಕೂಗುತ್ತಾಳೆ. ಮೊನ್ನೆ ನಾನು ತಪ್ಪಿಲ್ಲದೆ ಒಂದು ಪುಟ ಮುಗಿಸಿದೆ. ಅವಳಿಗೆ ಬೇಜಾರಾಗಿ ಅಮ್ಮನ ಹತ್ತಿರ ಹೋಗಿ ಕೂತಳು.

ಆ ಕೋಣೆಯಲ್ಲಿ ಎಲ್ಲ ಬರುತ್ತದೆ. ಬಾಗಿಲು ದಾಟಿದರೆ ಇಲ್ಲ. ಅಂಗಡಿಯ ಮಾಲೀಕ ‘ಆ ತುಂಡು ಎಷ್ಟು ಅಗಲ?’ ಅಂತ ಕೇಳಿದರೆ ನನ್ನ ನಾಲಿಗೆ ಹಳೆಯ ಜಾಗಕ್ಕೆ ಹೋಗಿ ಮಲಗುತ್ತದೆ, ಕಟ್ಟು ಬಿಚ್ಚಿದ ಎಮ್ಮೆ ಕೊಟ್ಟಿಗೆಗೆ ಹೋದ ಹಾಗೆ. ಮೇಡಂಗೆ ಹೇಳಿದೆ. ಅದು ಹಾಗೇ, ನಾಲಿಗೆಗೆ ಕಲಿಸುವುದು ಸುಲಭ, ಅಭ್ಯಾಸಕ್ಕೆ ಕಲಿಸುವುದು ಕಷ್ಟ ಅಂದರು. ದಿನಕ್ಕೊಬ್ಬ ಅಪರಿಚಿತನ ಹತ್ತಿರ ಒಂದು ವಾಕ್ಯ ಆಡಬೇಕು. ಇವತ್ತು ಚಹಾದವನ ಹತ್ತಿರ ‘ಸಕ್ಕರೆ ಸ್ವಲ್ಪ ಸಾಕು’ ಅಂದೆ. ಅವನು ಸುಮ್ಮನೆ ಸಕ್ಕರೆ ಸ್ವಲ್ಪ ಹಾಕಿಕೊಟ್ಟ. ತಿರುಗಿ ನೋಡಲಿಲ್ಲ, ನಗಲಿಲ್ಲ, ‘ಆಂ?’ ಅನ್ನಲಿಲ್ಲ. ಗೆದ್ದ ಹಾಗೆ ಅನ್ನಿಸುತ್ತದೆ ಅಂತ ಕಾದೆ. ಚಹಾ ಮಾತ್ರ ಸಪ್ಪೆಯಿತ್ತು.

ಅಕ್ಟೋಬರಿನಲ್ಲಿ ಬರುತ್ತೇನೆ. ಅಪ್ಪನಿಗೆ ಹೇಳಬೇಕಾದ್ದನ್ನು ಮೇಡಂ ಜೊತೆ ಅಭ್ಯಾಸ ಮಾಡುತ್ತಿದ್ದೇನೆ.

ನಿನ್ನ ತಮ್ಮ


ಸೆಪ್ಟೆಂಬರ್ ೨೧

ಮರಿ,

ನೀನು ಹೇಳಿದ ಹಾಗೆ ‘ಈ’ ಅಂತ ನಾಲಿಗೆ ಇಟ್ಟು ನೋಡಿದೆ. ಲ್ಯಾಬಿನಲ್ಲಿ ಎಲ್ಲರಿಗೂ ಮಾಡಿಸಿದೆ. ಯಜಮಾನರು ಕೆಲಸ ನಿಲ್ಲಿಸಿ ತ್ ತ್ ತ್ ಅನ್ನುತ್ತಿದ್ದಾಗ ಗಿರಾಕಿಯೊಬ್ಬರು ಬಂದು ಹಲ್ಲಿಯೆಲ್ಲಿದೆ ಅಂತ ಗೋಡೆ ನೋಡಿದರು.

ನನ್ನ ಹೊರಡುವ ದಿನ ಗೊತ್ತಾಯಿತು. ಡಿಸೆಂಬರ್ ಹದಿನೈದು. ಅಪ್ಪನಿಗೆ ಹೇಳಿದೆ. ‘ಹೂಂ’ ಅಂದ. ರಾತ್ರಿ ಊಟಕ್ಕೆ ಕೂತಾಗ ‘ಎಷ್ಟನೇ ತಾರೀಖು ಅಂದೆ?’ ಅಂತ ಮತ್ತೆ ಕೇಳಿದ. ಹೇಳಿದೆ. ಎದ್ದು ಕೈ ತೊಳೆಯುವಾಗ ಮೂರನೇ ಸಲ ಕೇಳಿದ. ಮನಸ್ಸಿಗೆ ಹಚ್ಚಿಕೊಂಡಿದ್ದಾನೆ ಅಂದುಕೊಂಡೆ.

ಮೊನ್ನೆ ಇನ್ನೊಂದು ನಡೆಯಿತು. ಒಲೆಯ ಮೇಲೆ ಸೀಟಿ ಹೊಡೆಯುವ ಕೆಟಲು ಇಟ್ಟು ನಾನು ಸ್ನಾನಕ್ಕೆ ಹೋಗಿದ್ದೆ. ಅದು ಗಂಟಲು ಹರಿಯುವ ಹಾಗೆ ಕೂಗುತ್ತಿದೆ, ಅಪ್ಪ ಒಲೆಗೆ ಬೆನ್ನು ಮಾಡಿ ನಿಂತು ಅಂಗಿಯ ಗುಂಡಿ ಹಾಕುತ್ತಿದ್ದಾನೆ. ‘ಅಪ್ಪಾ, ಕಿವಿ ಕೇಳ್ಸಲ್ವಾ?’ ಅಂತ ರೇಗಿದೆ. ತಿರುಗಿ ನನ್ನ ಮುಖ ನೋಡಿದ. ‘ಯೋಚನೇಲಿದ್ದೆ’ ಅಂದ. ವಯಸ್ಸಾಗುತ್ತಿದೆ. ನಾನು ಹೋದ ಮೇಲೆ ಆ ಕೆಟಲನ್ನು ಎತ್ತಿಡಬೇಕು.

ನೀನು ಬಾ. ಅವತ್ತು ನಾನು ಬಾಯಿಗೆ ಬೀಗ ಹಾಕಿಕೊಂಡು ಕೂರುತ್ತೇನೆ, ಮಾತು ಕೊಟ್ಟೆ.

ಅಕ್ಕ


ಅಕ್ಟೋಬರ್ ೧೪

ಅಕ್ಕ,

ಹೇಳದೆ ಹೊರಟು ಬಂದೆ. ನೀನು ನಿಲ್ದಾಣದ ತನಕ ಓಡಿ ಬಂದೆ ಅಂತ ಆಮೇಲೆ ಗೊತ್ತಾಯಿತು. ಬಸ್ಸು ಹೊರಟಿತ್ತು.

ನೀನು ಮಾತು ಉಳಿಸಿಕೊಂಡೆ, ಬಾಯಿ ಬಿಡಲಿಲ್ಲ. ಅಪ್ಪ ಕುರ್ಚಿಯಲ್ಲಿ ಕೂತಿದ್ದ. ನಾನು ಕಿಟಕಿಗೆ ಬೆನ್ನು ಮಾಡಿ ನಿಂತು ‘ಅಪ್ಪ, ಶಾಲೆ ಬಿಟ್ಟ ದಿವಸ ಏನಾಯ್ತು ಅಂತ ಸರಿಯಾಗಿ ಹೇಳ್ಬೇಕು’ ಅಂದೆ. ಒಂದೂ ಸೋರಲಿಲ್ಲ. ನಾನು ಆಡಿದ ಮಾತುಗಳಲ್ಲಿ ಅಷ್ಟು ಚೊಕ್ಕಟವಾದದ್ದು ಇನ್ನೊಂದಿಲ್ಲ. ಅಪ್ಪ ನನ್ನನ್ನು ನೋಡಿದ. ಆಮೇಲೆ ನಿನ್ನ ಕಡೆ ತಿರುಗಿ ‘ಏನಂತೆ ಅವನದು?’ ಅಂದ.

ಸಿಟ್ಟು ಬಂದು ಹೋದೆ ಅಂತ ನೀನು ತಿಳಿದಿರುತ್ತೀಯ. ಸಿಟ್ಟಲ್ಲ. ಹಲ್ಲು ಕೀಳುವ ಮುಂಚೆ ವಸಡಿಗೆ ಸೂಜಿ ಚುಚ್ಚಿದ ಮೇಲೆ ಇರುತ್ತದಲ್ಲ, ಹಾಗಿತ್ತು. ಮುಟ್ಟಿದ್ದು ಗೊತ್ತಾಗುತ್ತದೆ, ನೋವು ಗೊತ್ತಾಗುವುದಿಲ್ಲ. ಬಸ್ಸಿನಲ್ಲಿ ಪಕ್ಕದವನು ಕಡಲೆ ತಿನ್ನುತ್ತ ನನಗೂ ಕೊಟ್ಟ. ತಿಂದೆ.

ಮೇಡಂಗೆ ನಡೆದದ್ದು ಹೇಳಿದೆ. ಇನ್ನು ಬರುವುದಿಲ್ಲ, ನನ್ನ ಕುರ್ಚಿ ಬೇರೆಯವರಿಗೆ ಕೊಡಿ ಅಂದೆ. ಅವರು ನನ್ನ ನಾಲಿಗೆಯ ವಿಷಯ ಎತ್ತಲೇ ಇಲ್ಲ. ‘ನಿಮ್ಮಪ್ಪ ಏನು ಕೆಲಸ?’ ಅಂತ ಕೇಳಿದರು. ತಗಡಿನ ಕಾರ್ಖಾನೆ, ಡಬ್ಬಗಳಿಗೆ ಮುಚ್ಚಳ ಒತ್ತುವ ಪ್ರೆಸ್ಸು ಅಂದೆ. ಎಷ್ಟು ವರ್ಷದಿಂದ? ನಾನು ಹುಟ್ಟುವ ಮುಂಚಿನಿಂದ. ರೇಡಿಯೋ ಹೇಗಿಡುತ್ತಾರೆ? ಬೀದಿಗೆಲ್ಲ ಕೇಳುವ ಹಾಗೆ. ಕೆಟಲಿನದನ್ನೂ ಹೇಳಿದೆ. ಆಗ ಅವರು ‘ನೀನು ಕಿಟಕಿಗೆ ಬೆನ್ನು ಮಾಡಿ ನಿಂತಿದ್ದೆ ಅಲ್ವಾ? ನಿನ್ನ ಮುಖ ಅವರಿಗೆ ಕಪ್ಪಾಗಿ ಕಂಡಿರುತ್ತೆ’ ಅಂದರು.

ಅಕ್ಕ, ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. ಅಂಥ ಸದ್ದಿನಲ್ಲಿ ವರ್ಷಗಟ್ಟಲೆ ನಿಂತವರ ಕಿವಿಯಲ್ಲಿ ಮೊದಲು ಸಾಯುವುದು ತೆಳ್ಳಗಿನ ಸದ್ದುಗಳು. ಸೀಟಿ, ಹಕ್ಕಿ, ಸ, ಶ. ದಪ್ಪ ಸದ್ದು ಕೇಳಿಸುತ್ತದೆ, ಅದಕ್ಕೇ ಕಿವುಡು ಅಂತ ಯಾರಿಗೂ ತಿಳಿಯುವುದಿಲ್ಲ, ಕೆಲವು ಸಲ ಅವರಿಗೂ ತಿಳಿಯುವುದಿಲ್ಲ. ಮಿಕ್ಕದ್ದನ್ನು ಎದುರಿನವರ ತುಟಿ ನೋಡಿ ತುಂಬಿಕೊಳ್ಳುತ್ತಾರೆ. ನಿನ್ನ ತುಟಿ ಅಪ್ಪನಿಗೆ ಬಾಯಿಪಾಠ. ನಾನು ಹುಟ್ಟಿದಾಗಿನಿಂದ ಕೈ ಅಡ್ಡ ಇಟ್ಟುಕೊಂಡೇ ಇದ್ದೇನೆ.

ಅಂದರೆ ನಾನು ಇಷ್ಟು ತಿಂಗಳು ಬೆವರು ಸುರಿಸಿ ಸಂಪಾದಿಸಿದ ಅಕ್ಷರ ಅಪ್ಪನ ಕಿವಿಯಲ್ಲಿ ಇಲ್ಲವೇ ಇಲ್ಲ. ಸರಿ ಇದ್ದರೂ ಇಲ್ಲ, ತಪ್ಪಿದ್ದರೂ ಇಲ್ಲ.

ಪಕ್ಕದ ಕೋಣೆಯಲ್ಲೇ ಕಿವಿ ಪರೀಕ್ಷೆ ಮಾಡುತ್ತಾರೆ. ಕರೆದುಕೊಂಡು ಬಾ.

ತಮ್ಮ


ಅಕ್ಟೋಬರ್ ೨೭

ಮರಿ,

ಬರುವುದಿಲ್ಲವಂತೆ.

ಮೊದಲು ನಾನೇ ಪರೀಕ್ಷೆ ಮಾಡಿದೆ. ಊಟದ ಹೊತ್ತಿನಲ್ಲಿ ತಟ್ಟೆಯಿಂದ ತಲೆಯೆತ್ತದೆ, ತುಟಿಯ ಮುಂದೆ ಲೋಟ ಹಿಡಿದು, ‘ಸೊಪ್ಪು ಸಾಕಾ ಅಪ್ಪ?’ ಅಂದೆ. ಅಪ್ಪ ಊಟ ಮುಂದುವರಿಸಿದ. ಲೋಟ ಕೆಳಗಿಟ್ಟು ಅದನ್ನೇ ಅಷ್ಟೇ ದನಿಯಲ್ಲಿ ಅಂದೆ. ‘ಸಾಕು’ ಅಂದ. ಅಪ್ಪ ಲೋಟ ನೋಡಿದ, ನನ್ನನ್ನು ನೋಡಿದ. ಮುಚ್ಚಿಡಲು ಹೋಗಲಿಲ್ಲ. ‘ಯಾರು ಹೇಳಿದ್ರು?’ ಅಂದ.

ಅಪ್ಪನಿಗೆ ಗೊತ್ತು ಮರಿ, ಬಹಳ ವರ್ಷದಿಂದ ಗೊತ್ತು. ಕಾರ್ಖಾನೆಯಲ್ಲೂ ವರ್ಷಕ್ಕೊಮ್ಮೆ ಕಿವಿ ನೋಡುತ್ತಾರೆ. ಸದ್ದು ಕೇಳಿಸಿದಾಗ ಗುಂಡಿ ಒತ್ತಬೇಕು. ಅಪ್ಪ ಗಾಜಿನಾಚೆ ಕೂತು ಸದ್ದು ಹೊರಡಿಸುವವನ ಮೊಣಕೈ ನೋಡುತ್ತಾನಂತೆ. ಮೊಣಕೈ ಅಲುಗಿದರೆ ಇವನು ಒತ್ತುತ್ತಾನೆ. ಪ್ರತಿ ವರ್ಷ ಪಾಸು. ಪ್ರೆಸ್ಸಿನವರೆಲ್ಲ ಹಾಗೇ ಅಂತೆ, ಒಬ್ಬರಿಗೊಬ್ಬರು ಹೇಳಿಕೊಟ್ಟಿದ್ದಾರೆ. ಅಲ್ಲಿ ಯಾರೂ ಕಿವಿ ನಂಬಿ ಮಾತಾಡುವುದಿಲ್ಲ, ಕೈ, ತುಟಿ, ಹುಬ್ಬು, ಅಷ್ಟೇ. ‘ಅಲ್ಲಿ ನಾನು ಕಿವುಡ ಅಲ್ಲ’ ಅಂದ. ಗೊತ್ತಾದರೆ ಪ್ರೆಸ್ಸಿನಿಂದ ತೆಗೆದು ಪ್ಯಾಕಿಂಗಿಗೆ ಹಾಕುತ್ತಾರೆ.

ನಾನು ಕೇಳಿದೆ: ‘ಹೋಗ್ಲಿ, ನಮಗೆ ಯಾಕೆ ಹೇಳ್ಲಿಲ್ಲ? ಪಾಪ, ಅವನು ತನ್ನ ಬಾಯೇ ಸರಿಯಿಲ್ಲ ಅಂತ ಬೆಳೆದ. ನಿನ್ನದನ್ನೂ ಅವನ ತಲೆಗೇ ಕಟ್ಟಿದೆಯಲ್ಲ?’

ಅಪ್ಪ ತಟ್ಟೆಯಲ್ಲಿ ಬೆರಳಾಡಿಸುತ್ತ ಹೇಳಿದ: ‘ಕಟ್ಟಲಿಲ್ಲ. ಅವನ ತಲೆ ಮೇಲೆ ಆಗ್ಲೇ ಇತ್ತು. ನಾನು ಇಳಿಸ್ಲಿಲ್ಲ.’

ಆಮೇಲೆ ಎದ್ದು ರೇಡಿಯೋ ಹಾಕಿದ. ಈ ಸಲ ಸಣ್ಣದಾಗಿ ಇಟ್ಟ. ಅವನಿಗೆ ಏನೂ ಕೇಳಿಸುತ್ತಿರಲಿಲ್ಲ ಅಂತ ನನಗೂ ಗೊತ್ತು, ಅವನಿಗೂ ಗೊತ್ತು. ಇಬ್ಬರೂ ಕೂತು ಕೇಳಿದೆವು.

ನಾನು ಟಿಕೆಟ್ಟು ವಾಪಸು ಮಾಡಲೇ ಅಂತ ಯೋಚಿಸುತ್ತಿದ್ದೇನೆ. ನಿಮ್ಮಿಬ್ಬರನ್ನು ಹೀಗೆ ಬಿಟ್ಟು ಹೇಗೆ ಹೋಗಲಿ?

ಅಕ್ಕ


ನವೆಂಬರ್ ೨

ಅಕ್ಕ,

ವಾಪಸು ಮಾಡಬೇಡ. ಮಾಡಿದರೆ ನಾನು ಆ ಮನೆಗೆ ಬರುವುದಿಲ್ಲ. ಬೆದರಿಕೆಯಲ್ಲ, ಇದ್ದದ್ದು ಹೇಳಿದೆ.

ತಮ್ಮ


ನವೆಂಬರ್ ೯

ಮಗನಿಗೆ,

ನಾನು ಕಾಗದ ಬರೆದು ಅಭ್ಯಾಸವಿಲ್ಲ. ನಿನ್ನ ಅಕ್ಕ ಪೆನ್ನು ಕೊಟ್ಟು ಹೊರಗೆ ಹೋಗಿದ್ದಾಳೆ.

ಎಲ್ಲ ತಿಳಿಯಿತಂತೆ. ಸರಿ. ನಿನಗೆ ಯಾಕೆ ಹೇಳಲಿಲ್ಲ ಅಂದರೆ ನಿನಗೆ ಸುಳ್ಳು ಬರುವುದಿಲ್ಲ. ನಮ್ಮ ಮೇಸ್ತ್ರಿ ಭಾನುವಾರ ಮನೆಗೆ ಬಂದು ಕೂರುತ್ತಾನೆ, ನಿನಗೆ ಗೊತ್ತು. ಒಂದು ದಿನ ಅವನು ‘ನಿಮ್ಮಪ್ಪನಿಗೆ ಕಿವಿ ಹೇಗಿದೆಯೋ’ ಅಂದರೆ ನೀನು ಹೇಳಿಬಿಡುತ್ತಿದ್ದೆ. ಚಿಕ್ಕಂದಿನಿಂದ ಹಾಗೇ ನೀನು. ನಿನ್ನ ಮಾತು ಯಾರಿಗೂ ತಿಳಿಯುವುದಿಲ್ಲ, ನನಗೆ ಕೇಳಿಸದ್ದೂ ಅದರಲ್ಲೇ ಮುಚ್ಚಿಹೋಗುತ್ತದೆ ಅಂತ ನನಗೆ ಧೈರ್ಯವಿತ್ತು, ಅದೂ ನಿಜ. ಬರೆಯಲು ಚೆನ್ನಾಗಿಲ್ಲ, ಆದರೂ ಬರೆದಿದ್ದೇನೆ.

ಪ್ರೆಸ್ಸು ಬಿಟ್ಟರೆ ನನಗೆ ಬೇರೆ ಕೆಲಸ ಬರುವುದಿಲ್ಲ. ಇನ್ನೆರಡು ವರ್ಷ. ಅಲ್ಲಿಯವರೆಗೆ ಸುಮ್ಮನಿರು.

ಅಕ್ಕ ಹೋದ ಮೇಲೆ ನೀನು ಬರದಿದ್ದರೂ ನಡೆಯುತ್ತದೆ. ಒಬ್ಬನೇ ಇದ್ದರೆ ಮಾತು ಬೇಕಾಗುವುದಿಲ್ಲ.

ಅಪ್ಪ


ನವೆಂಬರ್ ೧೬

ಅಪ್ಪ,

ನಿನ್ನ ಕಾಗದ ಬಂತು. ಅಕ್ಷರ ಚೆನ್ನಾಗಿದೆ. ನಿನ್ನ ಕೈಬರಹ ನಾನು ನೋಡಿರಲಿಲ್ಲ.

ಮೇಸ್ತ್ರಿಯ ಹತ್ತಿರ ನಾನಾಗಿ ಹೋಗಿ ಹೇಳುವುದಿಲ್ಲ. ಅವನಾಗಿ ಕೇಳಿದರೆ ಇಲ್ಲ ಅನ್ನುವುದಿಲ್ಲ. ಈಗ ನನ್ನ ಮಾತು ಜನಕ್ಕೆ ತಿಳಿಯುತ್ತದೆ, ಅದನ್ನೂ ಲೆಕ್ಕಕ್ಕೆ ಇಟ್ಟುಕೋ.

ನಾನು ಚಿಕ್ಕವನಿದ್ದಾಗ ಒಂದು ಸಲ ನಿನ್ನ ಬುತ್ತಿ ಕೊಡಲು ಪ್ರೆಸ್ಸಿಗೆ ಬಂದಿದ್ದೆ. ಅಚ್ಚು ಬದಲಿಸಿದ ಮೇಲೆ ಯಂತ್ರ ಇಳಿಸುವ ಮುಂಚೆ ಹಿಂದಿನಿಂದ ಗಂಟೆ ಹೊಡೆಯುತ್ತಾರೆ. ಎಲ್ಲರೂ ಕೈ ತೆಗೆಯುತ್ತಾರೆ. ಆ ಗಂಟೆ ತೆಳ್ಳಗಿನ ಸದ್ದು, ನನಗೆ ನೆನಪಿದೆ. ನೀನು ಹೇಗೆ ತಿಳಿದುಕೊಳ್ಳುತ್ತೀಯ? ಪಕ್ಕದವನ ಕೈ ನೋಡಿಯೇ? ಅವನೂ ನಿನ್ನ ಹಾಗೆ ಇನ್ನೊಬ್ಬನ ಕೈ ನೋಡುತ್ತಿದ್ದರೆ? ನಾನು ಗಾಜು ಕತ್ತರಿಸುವವನು, ಬೆರಳಿಲ್ಲದ ಇಬ್ಬರು ನಮ್ಮ ಅಂಗಡಿಯಲ್ಲೇ ಇದ್ದಾರೆ. ಅವರು ಜೋಕು ಮಾಡುತ್ತಾರೆ, ಚೆನ್ನಾಗಿಯೇ ಇದ್ದಾರೆ. ಆದರೂ ನೀನು ಹಾಗಾಗುವುದು ನನಗೆ ಬೇಡ.

ಕಾರ್ಖಾನೆಗೆ ನೀನೇ ಹೇಳು. ನಾನು ಕೇಳುವುದು ಇದೊಂದೇ.

ನನಗೆ ನಿನ್ನ ಮೇಲೆ ಸಿಟ್ಟಿದೆಯಾ ಅಂತ ಅಕ್ಕ ಕೇಳಿದ್ದಳು. ಹುಡುಕಿ ನೋಡಿದೆ. ಇರಬೇಕಾದ ಜಾಗದಲ್ಲಿ ಸದ್ಯಕ್ಕೆ ಏನೂ ಇಲ್ಲ. ಬಂದರೆ ತಿಳಿಸುತ್ತೇನೆ. ನಿನ್ನ ‘ಏನಂತೆ’ ಕೇಳಿದಾಗಲೆಲ್ಲ ನಾನು ನಿನಗೆ ಬೇಡದವನು ಅಂದುಕೊಂಡೆ. ನಿನಗೆ ಕೇಳಿಸುತ್ತಿರಲಿಲ್ಲ ಅಂತ ಈಗ ಗೊತ್ತು. ಗೊತ್ತಾದ ಮಾತ್ರಕ್ಕೆ ಹಳೆಯದು ಅಳಿಸಿಹೋಗುತ್ತದೆ ಅಂತ ತಿಳಿದಿದ್ದೆ. ಹೋಗಿಲ್ಲ. ಎರಡೂ ಪಕ್ಕಪಕ್ಕದಲ್ಲಿ ಕೂತಿವೆ.

ಶಾಲೆಯ ವಿಷಯ ನಿನಗೆ ಹೇಳಬೇಕಾದದ್ದು ಹಾಗೇ ಉಳಿದಿದೆ. ಕಾಗದದಲ್ಲಿ ಬರೆಯಬಹುದು, ಒಂದೇ ಪುಟದ್ದು. ಬರೆಯುವುದಿಲ್ಲ.

ನಿನ್ನ ಮಗ


ಡಿಸೆಂಬರ್ ೪

ಮಗನಿಗೆ,

ಹೇಳಿದೆ.

ಮೇಸ್ತ್ರಿ ಮೊದಲು ನಕ್ಕ, ತಮಾಷೆ ಅಂದುಕೊಂಡ. ಆಮೇಲೆ ಮೊಣಕೈ ವಿಷಯ ಹೇಳಿದ ಮೇಲೆ ನಗಲಿಲ್ಲ. ಉಳಿದವರ ಹೆಸರು ಕೇಳಿದ. ಹೇಳಲಿಲ್ಲ. ಅದು ಅವರವರ ಕಿವಿ.

ಸೋಮವಾರದಿಂದ ಪ್ಯಾಕಿಂಗಿನಲ್ಲಿದ್ದೇನೆ. ಪ್ರೆಸ್ಸಿನವರು ಈಗ ನನ್ನ ಜೊತೆ ಊಟಕ್ಕೆ ಕೂರುವುದಿಲ್ಲ. ಅವರದು ತಪ್ಪಲ್ಲ, ಮುಂದಿನ ವರ್ಷ ಕಿವಿ ಪರೀಕ್ಷೆಯ ಗಾಜಿಗೆ ಪರದೆ ಹಾಕುತ್ತಾರಂತೆ. ಪ್ರೆಸ್ಸಿನಲ್ಲಿ ಎಲ್ಲರೂ ಮುಖ ನೋಡಿ ಮಾತಾಡುತ್ತಿದ್ದೆವು. ಇಲ್ಲಿ ಎಲ್ಲರೂ ಡಬ್ಬ ನೋಡಿಕೊಂಡು ಮಾತಾಡುತ್ತಾರೆ. ನಿನ್ನೆ ಏನೋ ಹೇಳಿಕೊಂಡು ತುಂಬ ಹೊತ್ತು ನಗುತ್ತಿದ್ದರು. ನನ್ನ ಬ‌ಗ್ಗೆಯೋ ಬೇರೆ ಏನೋ ಗೊತ್ತಾಗಲಿಲ್ಲ. ನಾನೂ ನಕ್ಕೆ. ಮನೆಗೆ ಬಂದು ನಿನ್ನ ನೆನಪಾಯಿತು.

ಅಕ್ಕ ಪೆಟ್ಟಿಗೆ ಕಟ್ಟುತ್ತಿದ್ದಾಳೆ. ದಿನಕ್ಕೆ ಮೂರು ಸಲ ಬಿಚ್ಚಿ ಮತ್ತೆ ಕಟ್ಟುತ್ತಾಳೆ. ನೀನು ಬರುವುದಾದರೆ ಯಾವಾಗ ಅಂತ ಬರೆ. ಬಾ ಅಂತಲೇ ಬರೆಯುತ್ತಿದ್ದೇನೆ, ಹಿಂದಿನ ಕಾಗದದಲ್ಲಿ ಬೇರೆ ಬರೆದಿದ್ದೆ.

ಅಪ್ಪ


ಡಿಸೆಂಬರ್ ೧೧

ಅಪ್ಪ,

ಈ ಕಾಗದ ನಿನಗೆ ನನಗಿಂತ ಆಮೇಲೆ ತಲುಪಬಹುದು. ಆದರೂ ಬರೆದು ಹಾಕುತ್ತಿದ್ದೇನೆ.

ಮಾಲೀಕನಿಗೆ ರಜೆ ಕೇಳಿದೆ. ‘ಅಕ್ಕನನ್ನು ಕಳಿಸಿ ಆಮೇಲೆ ಸ್ವಲ್ಪ ದಿವಸ ಅಪ್ಪನ ಜೊತೆ ಇರಬೇಕು’ ಅಂದೆ. ‘ನೀನು ಬಂದಾಗ ಮೂಕ ಅಂತ ಕೆಲಸಕ್ಕೆ ಇಟ್ಟುಕೊಂಡೆ, ಈಗ ರಜೆ ಕೇಳುವಷ್ಟು ಬೆಳೆದೆ’ ಅಂದ. ಕೊಟ್ಟಿದ್ದಾನೆ. ಮೇಡಂ ನಿನಗೂ ಒಂದು ದಿನ ಗೊತ್ತು ಮಾಡಿದ್ದಾರೆ, ಜನವರಿಯಲ್ಲಿ. ಬರುವುದು ಬಿಡುವುದು ನಿನಗೆ ಸೇರಿದ್ದು. ಕಿವಿಗೆ ಹಾಕುವ ಯಂತ್ರ ಕೊಡಬಹುದಂತೆ. ಸತ್ತ ಸದ್ದು ಅದರಿಂದ ಎದ್ದು ಬರುವುದಿಲ್ಲ, ಉಳಿದದ್ದು ಸ್ವಲ್ಪ ಗಟ್ಟಿಯಾಗುತ್ತದೆ ಅಂತ ಅವರು ಮುಚ್ಚುಮರೆಯಿಲ್ಲದೆ ಹೇಳಿದರು.

ನಿನ್ನ ಎದುರಿಗೆ, ಬೆಳಕು ನನ್ನ ಮುಖದ ಮೇಲೆ ಬೀಳುವ ಹಾಗೆ ಕೂರುತ್ತೇನೆ. ಶಾಲೆಯದನ್ನು ನಿಧಾನಕ್ಕೆ ಹೇಳುತ್ತೇನೆ. ಅಕ್ಕ ಬೇಕಾದರೆ ಪೆಟ್ಟಿಗೆ ಬಿಚ್ಚಿ ಕಟ್ಟಿಕೊಂಡು ಇರಲಿ. ತಿಳಿಯದಿದ್ದರೆ ಅವಳ ಕಡೆ ತಿರುಗಬೇಡ. ನನ್ನನ್ನೇ ಕೇಳು. ಎಷ್ಟು ಸಲ ಬೇಕಾದರೂ ಕೇಳು. ನನಗೆ ಬೇಸರವಾದರೆ ಬೇಸರವಾಯಿತು ಅಂತ ಹೇಳುತ್ತೇನೆ, ಆದರೆ ಎದ್ದು ಹೋಗುವುದಿಲ್ಲ.

ನಾಳೆ ಬೆಳಗಿನ ಬಸ್ಸಿಗೆ ಹೊರಡುತ್ತೇನೆ.

ನಿನ್ನ ಮಗ